ಅಂಗಡಿಯ ಲೆಕ್ಕದಿಂದ ಕಲ್ಲಿನ ಸಾಲಿಗೆ



ಯಾದಗಿರಿ, ಶಹಾಪುರ, ಸುರಪುರದ ಕೇಳುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಇವತ್ತು ಮಾತಾಡುತ್ತೇನೆ. ವಿಷಯ ಒಂದೇ. ಹೊಟ್ಟೆಗಾಗಿ ಹಿಡಿದ ಕೆಲಸ ಒಂದಿರುತ್ತದೆ. ಮನಸ್ಸು ಹಿಡಿದ ಕೆಲಸ ಇನ್ನೊಂದಿರುತ್ತದೆ. ಮೊದಲನೆಯದರಿಂದ ಎರಡನೆಯದಕ್ಕೆ ಹೋಗುವುದು ಹೇಗೆ?

ಈ ಪ್ರಶ್ನೆ ನಮ್ಮ ಭಾಗದಲ್ಲಿ ಮನೆಮನೆಯಲ್ಲೂ ಇದೆ. ಬೆಂಗಳೂರಿಗೆ, ಪುಣೆಗೆ, ಹೈದರಾಬಾದಿಗೆ ದುಡಿಯಲು ಹೋದವರ ಮನಸ್ಸಿನಲ್ಲಿ ಇದೆ. ಕಡೇಚೂರಿನ ಕಾರ್ಖಾನೆಗೆ ಪಾಳಿಯ ಮೇಲೆ ಹೋಗುವವರ ಮನಸ್ಸಿನಲ್ಲಿ ಇದೆ. ಅಂಗಡಿಯಲ್ಲಿ ಕೂತು ಗಿರಾಕಿಯ ದಾರಿ ನೋಡುವವರ ಮನಸ್ಸಿನಲ್ಲೂ ಇದೆ. ಒಬ್ಬರಿಗೆ ಚಿತ್ರ ಬರೆಯುವ ಆಸೆ. ಒಬ್ಬರಿಗೆ ಹಳೆಯ ಶಾಸನ ಓದುವ ಆಸೆ. ಇನ್ನೊಬ್ಬರಿಗೆ ಕಥೆ ಬರೆಯುವ ಆಸೆ. ಮನೆಯವರು ಕೇಳುತ್ತಾರೆ, ಅದರಿಂದ ಹೊಟ್ಟೆ ತುಂಬುತ್ತದೇನು ಎಂದು. ಆ ಪ್ರಶ್ನೆ ತಪ್ಪಲ್ಲ. ಅದಕ್ಕೆ ಉತ್ತರ ಬೇಕು.

ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಸುರಪುರದ ಗುಡ್ಡದ ಮೇಲೆ ಒಂದು ಹಳೆಯ ಬಂಗಲೆ ಇದೆ. ಊರಿನವರು ಅದನ್ನು ಟೇಲರ್ ಮಂಜಿಲ್ ಎನ್ನುತ್ತಾರೆ. ಅದನ್ನು ಕಟ್ಟಿಸಿದವರು ಫಿಲಿಪ್ ಮೆಡೋಸ್ ಟೇಲರ್. ಅವರ ಬದುಕಿನಲ್ಲಿ ನಮ್ಮ ಪ್ರಶ್ನೆಗೆ ಉತ್ತರ ಇದೆ ಎಂದು ನಾನು ನಂಬಿದ್ದೇನೆ.

ಟೇಲರ್ ಹುಟ್ಟಿದ್ದು 1808ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲ್ ಎಂಬ ಬಂದರು ಪಟ್ಟಣದಲ್ಲಿ. ತಂದೆ ವ್ಯಾಪಾರಿ. ವ್ಯಾಪಾರ ಸೋತಿತು. ಹುಡುಗನ ಶಾಲೆ ನಿಂತಿತು. ಹದಿನೈದನೆಯ ವಯಸ್ಸಿಗೆ ಅವನನ್ನು ಹಡಗು ಹತ್ತಿಸಿ ಮುಂಬಯಿಗೆ ಕಳುಹಿಸಿದರು. ಅಲ್ಲಿನ ಒಬ್ಬ ವರ್ತಕನ ಬಳಿ ಗುಮಾಸ್ತನ ಕೆಲಸ. ವಯಸ್ಸಿಗೆ ಬಂದ ಮೇಲೆ ಪಾಲುದಾರನಾಗಬಹುದು ಎಂಬ ಭರವಸೆ. 1824ರಲ್ಲಿ ಹುಡುಗ ಬಂದಿಳಿದ. ನೋಡಿದರೆ ಅದು ದೊಡ್ಡ ಕೋಠಿಯಲ್ಲ, ಕೈ ಸೋತ ಒಂದು ಅಂಗಡಿ. ಊರು ಗೊತ್ತಿಲ್ಲ. ಮಾತು ಬಾರದು. ವಾಪಸು ಹೋಗಲು ಕಾಸಿಲ್ಲ.

ಕೇಳುಗರೇ, ಇಷ್ಟನ್ನು ಕೇಳಿದಾಗ ನನಗೆ ನಮ್ಮ ಹುಡುಗರೇ ನೆನಪಾಗುತ್ತಾರೆ. ಯಾರದೋ ಮಾತು ನಂಬಿ ಪಟ್ಟಣಕ್ಕೆ ಹೋದ ಹುಡುಗರು. ಹೋದ ಮೇಲೆ ಹೇಳಿದ ಕೆಲಸ ಬೇರೆ, ಇರುವ ಕೆಲಸ ಬೇರೆ.

ಟೇಲರನಿಗೆ ತಾಯಿಯ ಕಡೆಯ ಬಂಧುವೊಬ್ಬರು ಮುಂಬಯಿ ಸರ್ಕಾರದಲ್ಲಿದ್ದರು. ಅವರು ಹೈದರಾಬಾದ್ ನಿಜಾಮರ ಸೈನ್ಯದಲ್ಲಿ ಒಂದು ಕೆಲಸ ಕೊಡಿಸಿದರು. ಇದನ್ನು ಮುಚ್ಚಿಡದೆ ಹೇಳಬೇಕು. ಎಲ್ಲರಿಗೂ ಹಾಗೆ ಕೈಹಿಡಿಯುವ ಬಂಧು ಇರುವುದಿಲ್ಲ. ಅವರು ಆಳುವವರ ಜನ ಎಂಬುದೂ ನಿಜ. ಆದರೆ ಈಸ್ಟ್ ಇಂಡಿಯಾ ಕಂಪನಿಯ ಖಾಯಂ ನೌಕರರಿಗೆ ಇದ್ದ ಬಡ್ತಿ, ಮಾನ, ಮುಂದಿನ ದಾರಿ ನಿಜಾಮರ ಚಾಕರಿಯಲ್ಲಿದ್ದವರಿಗೆ ಇರಲಿಲ್ಲ. ಆ ಕೊರಗು ಅವರ ಆತ್ಮಕಥೆಯಲ್ಲಿ ಮತ್ತೆ ಮತ್ತೆ ಬರುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಶಾಲೆ ಅರ್ಧಕ್ಕೆ ಬಿಟ್ಟ ಹುಡುಗ. ಅಂಗಡಿಯಿಂದ ಸೈನ್ಯಕ್ಕೆ ಹೋದ. ಎರಡೂ ಅವನು ಆರಿಸಿಕೊಂಡ ಕೆಲಸಗಳಲ್ಲ. ಹಾಗಾದರೆ ಅವನ ಮನಸ್ಸು ಹಿಡಿದ ಕೆಲಸ ಯಾವುದು?

ಎರಡು ಕೆಲಸ. ಒಂದು, ಈ ನಾಡಿನ ಜನರ ಕಥೆ ಬರೆಯುವುದು. ಎರಡು, ಈ ನೆಲದ ಹಳೆಯದನ್ನು ಹುಡುಕಿ ಗುರುತಿಸುವುದು. ಎರಡಕ್ಕೂ ಅವರಿಗೆ ಯಾರೂ ಸಂಬಳ ಕೊಡಲಿಲ್ಲ. ಎರಡನ್ನೂ ಅವರು ಸಂಬಳದ ಕೆಲಸದ ಒಳಗಿನಿಂದಲೇ ಬೆಳೆಸಿಕೊಂಡರು. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನನ್ನ ಭಾಷಣವೆಲ್ಲ ಇದರ ಸುತ್ತಲೇ ಇದೆ.

ಮೊದಲು ಕಥೆಯ ಸಂಗತಿ. ಇಪ್ಪತ್ತರ ಆಸುಪಾಸಿನಲ್ಲಿ ಟೇಲರ್ ಅವರಿಗೆ ಪೊಲೀಸ್ ಕೆಲಸ ಬಂತು. ಹೈದರಾಬಾದಿನ ಪಶ್ಚಿಮಕ್ಕೆ, ಸದಾಶಿವಪೇಟೆ ಕಡೆ. ದಾರಿಹೋಕರು ಕಾಣೆಯಾಗುತ್ತಿದ್ದರು. ಹೆಣಗಳು ಸಿಗುತ್ತಿದ್ದವು. ಕೊಂದವರು ಯಾರು ಎಂದು ತಿಳಿಯುತ್ತಿರಲಿಲ್ಲ. ಟೇಲರ್ ಹಿಂದೆ ಬಿದ್ದು ಹುಡುಕತೊಡಗಿದರು. ಅಷ್ಟರಲ್ಲಿ ಅವರನ್ನು ಮರಳಿ ಪಲಟಣಿಗೆ ಕಳುಹಿಸಿಬಿಟ್ಟರು. ಆಮೇಲೆ ಸ್ಲೀಮನ್ ಎಂಬ ಅಧಿಕಾರಿ ಆ ಕೊಲೆಗಾರರ, ಅಂದರೆ ಠಕ್ಕರ, ಜಾಲವನ್ನು ಬಯಲಿಗೆಳೆದರು. ದೇಶವೆಲ್ಲ ಸ್ಲೀಮನ್ ಹೆಸರು ಹೇಳಿತು. ನನ್ನನ್ನು ಅಲ್ಲೇ ಬಿಟ್ಟಿದ್ದರೆ ಆ ಗುಟ್ಟನ್ನು ನಾನೇ ಮೊದಲು ಹೊರಹಾಕುತ್ತಿದ್ದೆ ಎಂಬ ನೋವು ಟೇಲರ್ ಅವರಿಗೆ ಕೊನೆಯತನಕ ಇತ್ತು.

ಆ ಕೆಲಸ ಕೈತಪ್ಪಿತು. ಆದರೆ ಕಲಿತದ್ದು ಕೈಯಲ್ಲೇ ಉಳಿಯಿತು. ಠಕ್ಕರು ಹೇಗೆ ಮಾತಾಡುತ್ತಾರೆ, ಶಕುನ ಹೇಗೆ ನೋಡುತ್ತಾರೆ, ದಾರಿಯಲ್ಲಿ ಸ್ನೇಹ ಹೇಗೆ ಬೆಳೆಸುತ್ತಾರೆ, ಇವೆಲ್ಲ ಗೊತ್ತಾಗಿದ್ದವು. ಉರ್ದು ಮಾತು ಚೆನ್ನಾಗಿ ಹಿಡಿತಕ್ಕೆ ಬಂದಿತ್ತು. 1839ರಲ್ಲಿ ‘ಕನ್‌ಫೆಷನ್ಸ್ ಆಫ್ ಎ ಥಗ್’ ಎಂಬ ಕಾದಂಬರಿ ಲಂಡನ್ನಿನಲ್ಲಿ ಹೊರಬಂತು. ಒಬ್ಬ ಠಕ್ಕ ತನ್ನ ಕಥೆಯನ್ನು ತಾನೇ ಹೇಳುವ ಪುಸ್ತಕ. ಅದು ತುಂಬ ಹೆಸರು ಮಾಡಿತು. ಆಗ ಟೇಲರ್ ಅವರಿಗೆ ಮೂವತ್ತರ ಹರೆಯ.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಪುಸ್ತಕಕ್ಕೆ ಹೆಸರು ಬಂತು. ಅವರು ಚಾಕರಿ ಬಿಟ್ಟರೇ? ಬಿಡಲಿಲ್ಲ. ರಜೆ ಮುಗಿಸಿ ಹೈದರಾಬಾದಿಗೆ ಮರಳಿದರು. 1840ರಿಂದ ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಗೆ ಇಲ್ಲಿಂದ ಸುದ್ದಿ ಬರೆಯತೊಡಗಿದರು. ಸುಮಾರು ಹನ್ನೆರಡು ಹದಿಮೂರು ವರ್ಷ ಬರೆದರು. ಚಾಕರಿಯೂ ನಡೆಯಿತು, ಬರವಣಿಗೆಯೂ ನಡೆಯಿತು. ಹೆಂಡತಿ ಮಕ್ಕಳಿರುವ ಮನುಷ್ಯ. ಪುಸ್ತಕದ ಹಣ ಎಷ್ಟು ದಿನ ಬರುತ್ತದೆ ಎಂದು ಅವರಿಗೆ ತಿಳಿದಿತ್ತು.

ಈಗ ಸುರಪುರಕ್ಕೆ ಬರೋಣ. ಕಥೆಯ ಆಸೆಗೆ ಪೊಲೀಸ್ ಕೆಲಸ ಹೇಗೆ ಒದಗಿತು ಎಂದು ನೋಡಿದೆವು. ಇನ್ನು ಎರಡನೆಯ ಆಸೆ. ಹಳೆಯ ಕಲ್ಲುಗಳ ಆಸೆ.

1841ರ ಹೊತ್ತಿಗೆ ಟೇಲರ್ ಅವರನ್ನು ಸುರಪುರ ಸಂಸ್ಥಾನದ ಆಡಳಿತ ನೋಡಲು ಕಳುಹಿಸಿದರು. ರಾಜ ವೆಂಕಟಪ್ಪ ನಾಯಕರು ಆಗ ಇನ್ನೂ ಚಿಕ್ಕ ಹುಡುಗ. ರಾಣಿ ಈಶ್ವರಮ್ಮನವರ ಕಾಲ. 1853ರವರೆಗೆ ಟೇಲರ್ ಇಲ್ಲಿದ್ದರು. ಹತ್ತು ವರ್ಷಕ್ಕೂ ಮಿಗಿಲು. ಕಂದಾಯ ನೋಡಬೇಕು. ನ್ಯಾಯ ಹೇಳಬೇಕು. ರಸ್ತೆ, ಕೆರೆ ಕಟ್ಟಿಸಬೇಕು. ಇದಕ್ಕೆಲ್ಲ ಅವರು ಯಾವ ಕಾಲೇಜಿನಲ್ಲೂ ಓದಿದವರಲ್ಲ. ಕಾನೂನನ್ನು ಪುಸ್ತಕ ಇಟ್ಟುಕೊಂಡು ಕಲಿತರು. ಭೂಮಾಪನ ತಾವಾಗಿ ಕಲಿತರು. ಭೂವಿಜ್ಞಾನವನ್ನೂ ಓದಿಕೊಂಡರು. ಚಿತ್ರ ಬರೆಯುವ ಕೈ ಮೊದಲಿನಿಂದಲೇ ಇತ್ತು. ಸುರಪುರದ ನಾಯಕರ ಕಾಲದ ಬೋನಾಳ ಕೆರೆಯನ್ನು ದೊಡ್ಡದು ಮಾಡಿಸಿದರು. ಇಂದಿಗೂ ಚಳಿಗಾಲದಲ್ಲಿ ಹಕ್ಕಿಗಳು ಬಂದಿಳಿಯುವ ಕೆರೆ ಅದು.

ಕೆರೆ ನೋಡಲು, ಹೊಲ ಅಳೆಯಲು, ತಂಟೆ ಬಗೆಹರಿಸಲು ಹಳ್ಳಿ ಹಳ್ಳಿ ತಿರುಗಬೇಕಾಯಿತು. ತಿರುಗುವಾಗ ಕಣ್ಣಿಗೆ ಬಿದ್ದವು ಈ ಕಲ್ಲುಗಳು. ಶಹಾಪುರದ ಪಕ್ಕದಲ್ಲೇ ವಿಭೂತಿಹಳ್ಳಿ ಇದೆ. ಅಲ್ಲಿಗೆ ಹೋಗಿ ನಿಂತವರಿಗೆ ಕಾಣುವುದು ಇಷ್ಟು. ಬಯಲು ಜಮೀನು. ಅದರ ತುಂಬ ದೊಡ್ಡ ದೊಡ್ಡ ಗುಂಡುಗಲ್ಲುಗಳು. ಕೆತ್ತಿದ ಕಲ್ಲಲ್ಲ, ಇದ್ದ ಹಾಗೇ ಇರುವ ಕಲ್ಲು. ಆದರೆ ಬಿದ್ದ ಹಾಗೆ ಬಿದ್ದಿಲ್ಲ. ಒಂದು ಕಲ್ಲಿನ ಬಳಿ ನಿಂತು ನೇರ ನೋಡಿದರೆ ಸಾಲು ಕಾಣುತ್ತದೆ. ಓರೆಯಾಗಿ ನೋಡಿದರೆ ಇನ್ನೊಂದು ಸಾಲು ಕಾಣುತ್ತದೆ. ಯಾರೋ ಅಳೆದು ಇಟ್ಟಿದ್ದಾರೆ. ಸಾವಿರಾರು ವರ್ಷದ ಹಿಂದೆ ಇಟ್ಟಿದ್ದಾರೆ.

ಹುಣಸಗಿಯ ಕಡೆ ರಾಜನಕೋಳೂರು ಇದೆ. ಅಲ್ಲಿ ಕಲ್ಲಿನ ಮನೆಗಳಿವೆ. ಮೂರು ಕಡೆ ದೊಡ್ಡ ಚಪ್ಪಡಿ ನಿಲ್ಲಿಸಿ ಮೇಲೆ ಒಂದು ಚಪ್ಪಡಿ ಹೊದಿಸಿದ ಮನೆಗಳು. ಕೆಲವಕ್ಕೆ ನಾಲ್ಕೂ ಕಡೆ ಮುಚ್ಚಿ, ಒಂದು ಚಪ್ಪಡಿಯಲ್ಲಿ ಗುಂಡನೆಯ ಕಿಂಡಿ ಕೊರೆದಿರುತ್ತಾರೆ. ಇವು ಸತ್ತವರಿಗಾಗಿ ಕಟ್ಟಿದ ಮನೆಗಳು. ಟೇಲರ್ ಹಳ್ಳಿಯವರನ್ನು ಕೇಳಿದರು, ಇವು ಯಾರವು ಎಂದು. ಇವು ಮೋರ್ಯರ ಮನೆ ಎಂದರು ಹಳ್ಳಿಯವರು. ಮೋರ್ಯರು ಕುಳ್ಳಗಿದ್ದರು, ಆದರೆ ಭಾರಿ ಬಲಶಾಲಿಗಳು ಎಂದರು. ಟೇಲರ್ ಅದನ್ನು ಬರೆದುಕೊಂಡರು. ನನಗೆ ಈ ಮಾತು ಬಹಳ ಇಷ್ಟ. ಪಂಡಿತರನ್ನಲ್ಲ, ಮೊದಲು ಹೊಲದಲ್ಲಿದ್ದವರನ್ನು ಕೇಳಿದರು.

ಬರೆದುಕೊಂಡು ಸುಮ್ಮನಾಗಲಿಲ್ಲ. ಭೀಮಾ ನದಿಯ ಸೀಮೆಯ ಜೇವರ್ಗಿಯಲ್ಲಿ ಕಲ್ಲುಗುಪ್ಪೆಯ ಗೋರಿಗಳನ್ನು ಅಗೆಸಿದರು. ಸಾಮಾನ್ಯವಾಗಿ ಆ ಕಾಲದವರು ಗೋರಿ ಅಗೆದರೆ ಒಳಗಿನ ಮಡಕೆ, ಕಬ್ಬಿಣ, ಮಣಿ ತೆಗೆದುಕೊಂಡು ಹೋಗುತ್ತಿದ್ದರು. ಟೇಲರ್ ಹಾಗೆ ಮಾಡಲಿಲ್ಲ. ಗೋರಿಯನ್ನು ನೇರವಾಗಿ ಸೀಳಿ, ಮೇಲಿನಿಂದ ಕೆಳಗಿನವರೆಗೆ ಯಾವ ಪದರ ಎಲ್ಲಿದೆ, ಎಲುಬು ಎಲ್ಲಿದೆ, ಮಡಕೆ ಎಲ್ಲಿದೆ ಎಂದು ಅಳತೆ ಹಾಕಿ ನಕ್ಷೆ ಬರೆದರು. ಅದು 1850ರ ಆಸುಪಾಸಿನ ಮಾತು. ನೂರು ವರ್ಷವಾದ ಮೇಲೆ ಮಾರ್ಟಿಮರ್ ವೀಲರ್ ಎಂಬ ದೊಡ್ಡ ಪುರಾತತ್ವಜ್ಞರು ಆ ನಕ್ಷೆಗಳನ್ನು ಹೊಗಳಿದರು. ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು 1947ರಲ್ಲಿ ಅಗೆಸಿದವರು ಅದೇ ವೀಲರ್. ಅಗೆಯುವ ಶಿಸ್ತು ಏನೆಂದು ಜಗತ್ತಿಗೆ ಕಲಿಸಿದವರು ಹೊಗಳಿದ್ದು ಒಬ್ಬ ಕಂದಾಯ ಅಧಿಕಾರಿಯ ಕೆಲಸವನ್ನು.

ಈಗ ಹಿಂದಕ್ಕೆ ಒಮ್ಮೆ ನೋಡಿ. ಆ ನಕ್ಷೆ ಬರೆಯುವ ಕೈ ಎಲ್ಲಿಂದ ಬಂತು? ಪುರಾತತ್ವ ಕಲಿಸುವ ಶಾಲೆಯಿಂದಲ್ಲ. ಆಗ ಅಂಥ ಶಾಲೆಯೇ ಇರಲಿಲ್ಲ. ಹೊಲದ ಗಡಿ ಅಳೆದ ಕೈ ಅದು. ಕೆರೆಯ ಏರಿಯ ನಕ್ಷೆ ಹಾಕಿದ ಕೈ. ಸಾಕ್ಷಿ ಕೇಳಿ, ಇದು ಇಷ್ಟೇ, ಇದಕ್ಕಿಂತ ಹೆಚ್ಚು ಹೇಳುವಂತಿಲ್ಲ ಎಂದು ತೀರ್ಪು ಬರೆದ ಕೈ. ಆಸೆಯ ಕೆಲಸಕ್ಕೆ ಬೇಕಾದ ಹತಾರುಗಳೆಲ್ಲ ಹೊಟ್ಟೆಪಾಡಿನ ಕೆಲಸದಲ್ಲೇ ಸಿಕ್ಕಿದ್ದವು.

ಅವರ ಎಲ್ಲ ಮಾತೂ ನಿಂತಿಲ್ಲ. ಈ ಗೋರಿಗಳನ್ನು ಮಾಡಿದವರು ದೂರದ ಸಿಥಿಯನ್ನರ, ಕೆಲ್ಟರ ಕಡೆಯವರಿರಬೇಕು ಎಂದು ಅವರು ಊಹಿಸಿದ್ದರು. ಇಂದು ಆ ಊಹೆಯನ್ನು ಯಾರೂ ಒಪ್ಪುವುದಿಲ್ಲ. ಊಹೆ ಹೋಯಿತು, ಅಳತೆ ಉಳಿಯಿತು.

ಸುರಪುರದ ಕೇಳುಗರ ಮನಸ್ಸಿನಲ್ಲಿ ಈಗ ಒಂದು ಪ್ರಶ್ನೆ ಎದ್ದಿರಬಹುದು. ಅದನ್ನು ಬಿಟ್ಟು ಮುಂದೆ ಹೋದರೆ ಸರಿಯಾಗದು. ಟೇಲರ್ ಬೆಳೆಸಿದ ಹುಡುಗ, ರಾಜ ವೆಂಕಟಪ್ಪ ನಾಯಕರು, 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ನಿಂತರು. ಸೆರೆ ಸಿಕ್ಕರು. ಅದೇ ವರ್ಷ ಸೆರೆಯಲ್ಲಿ ಒಯ್ಯುವಾಗ ದಾರಿಯಲ್ಲಿ ಗುಂಡಿಗೆ ಬಲಿಯಾದರು. ಇನ್ನೂ ಇಪ್ಪತ್ತೈದು ತುಂಬದ ಪ್ರಾಯ. ಹುಡುಗ ಟೇಲರ್ ಅವರನ್ನು ಅಪ್ಪ ಎಂದು ಕರೆಯುತ್ತಿದ್ದ. ಆದರೂ ಟೇಲರ್ ನಿಂತದ್ದು ಆಳುವವರ ಕಡೆ. ಸಂಸ್ಥಾನ ಹೋಯಿತು. ಅದರ ಜೊತೆಗೆ ಇನ್ನೊಂದೂ ಹೋಯಿತು. ಸುರಪುರದ ಚಿತ್ರಕಲೆಗೆ ಇದ್ದ ಅರಮನೆಯ ಆಶ್ರಯ. ಕೂದಲೆಳೆಯಷ್ಟು ಸಣ್ಣ ಗೆರೆ, ಚಿನ್ನದ ಬಣ್ಣ, ದೇವರ ಕಥೆ, ದರ್ಬಾರಿನ ಕಥೆ. ಪೋಷಿಸುವ ಅರಮನೆಯೇ ಇಲ್ಲವಾದಾಗ ಅಂಥ ಕಲೆಗೆ ಏನು ಗತಿ? ಟೇಲರ್ ಇಷ್ಟದ ಕೆಲಸದ ಕಡೆ ನಡೆಯುತ್ತಿದ್ದ ಕಾಲಕ್ಕೇ, ಅದೇ ಊರಿನಲ್ಲಿ, ಇಷ್ಟದ ಕೆಲಸ ಇದ್ದವರ ಕೈಯಿಂದ ಅದು ಜಾರುತ್ತಿತ್ತು. ಇದನ್ನು ಹೇಳದೆ ಟೇಲರ್ ಅವರನ್ನು ಮಾತ್ರ ಹೊಗಳಲು ನನ್ನ ಮನಸ್ಸು ಒಪ್ಪುವುದಿಲ್ಲ.

ಮತ್ತೆ ನಮ್ಮ ದಾರಿಗೆ ಬರೋಣ. ಅಂಗಡಿ, ಸೈನ್ಯ, ಪೊಲೀಸ್, ಆಡಳಿತ. ಇವೆಲ್ಲದರ ನಡುವೆ ಬರವಣಿಗೆ ಮತ್ತು ಕಲ್ಲಿನ ಅಭ್ಯಾಸ. ಹಾಗಾದರೆ ಪೂರ್ತಿಯಾಗಿ ಇಷ್ಟದ ಕೆಲಸಕ್ಕೆ ಬಂದದ್ದು ಯಾವಾಗ? 1860ರಲ್ಲಿ. ಆಗ ಅವರಿಗೆ ಐವತ್ತು ದಾಟಿತ್ತು. ಆರೋಗ್ಯ ಕೆಟ್ಟು ಊರಿಗೆ ಹೋದರು. ಚೇತರಿಸಿಕೊಂಡ ಮೇಲೆ ಬರೆಯಲು ಕೂತರು. 1863ರಲ್ಲಿ ‘ತಾರಾ’ ಬಂತು. ಶಿವಾಜಿ, ಬಿಜಾಪುರ, ತುಳಜಾಪುರದ ಕಥೆ. 1865ರಲ್ಲಿ ‘ರಾಲ್ಫ್ ಡಾರ್ನೆಲ್’. 1872ರಲ್ಲಿ ‘ಸೀತಾ’. ನೂರು ನೂರು ವರ್ಷದ ಅಂತರದ ಮೂರು ಕಾಲದ ಕಥೆಗಳು. 1876ರಲ್ಲಿ ತೀರಿಕೊಂಡರು. ಚಾಂದಬೀಬಿಯ ಕಥೆ ‘ಎ ನೋಬಲ್ ಕ್ವೀನ್’ ಪುಸ್ತಕವಾದದ್ದು ಆಮೇಲೆ. ಅದರಲ್ಲಿ ಕೃಷ್ಣಾ ನದಿಯ ಜಲದುರ್ಗ ಬರುತ್ತದೆ. ನಮ್ಮ ಬೇಡರ ವೀರರು ಬರುತ್ತಾರೆ. ಸುರಪುರದ ನೆಲದಲ್ಲಿ ತಿರುಗಿದ ಕಾಲುಗಳೇ ಆ ಪುಸ್ತಕ ಬರೆಸಿದವು.

ಹದಿನೈದರಿಂದ ಐವತ್ತರ ಆಚೆಗೆ. ಮೂವತ್ತೈದು ವರ್ಷದ ದಾರಿ. ಇಷ್ಟು ದೀರ್ಘವೇ ಎಂದು ನೀವು ಬೇಸರಪಡಬಹುದು. ನಾನು ಹಾಗೆ ನೋಡುವುದಿಲ್ಲ. ಆ ಮೂವತ್ತೈದು ವರ್ಷ ಅವರು ಕಾಯುತ್ತ ಕೂತಿರಲಿಲ್ಲ. ಇಷ್ಟದ ಕೆಲಸ ಆಗಲೇ ನಡೆಯುತ್ತಿತ್ತು. ಸಂಬಳ ಮಾತ್ರ ಬೇರೆ ಕಡೆಯಿಂದ ಬರುತ್ತಿತ್ತು.

ಇದು ಒಬ್ಬರ ಕಥೆ ಮಾತ್ರವೇ? ಅಲ್ಲ. ರಾಬರ್ಟ್ ಬ್ರೂಸ್ ಫುಟ್ ಎಂಬವರಿದ್ದರು. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಸೇರಿದರು. ನೆಲದೊಳಗೆ ಯಾವ ಕಲ್ಲಿದೆ ಎಂದು ನೋಡುವುದು ಅವರ ನೌಕರಿ. 1863ರಲ್ಲಿ ಮದ್ರಾಸಿನ ಹತ್ತಿರ ಪಲ್ಲಾವರಂನಲ್ಲಿ ಒಂದು ಕಲ್ಲು ಸಿಕ್ಕಿತು. ಅದು ಬರೀ ಕಲ್ಲಲ್ಲ, ಆದಿಮಾನವ ಚಕ್ಕೆ ಎಬ್ಬಿಸಿ ಮಾಡಿದ ಆಯುಧ ಎಂದು ಅವರ ಕಣ್ಣಿಗೆ ತಿಳಿಯಿತು. ಕಲ್ಲಿನ ಜಾತಿ ಬಲ್ಲವರಿಗೇ ಅದು ತಿಳಿಯಬೇಕು. ಮುಂದೆ ಅವರು ಬಳ್ಳಾರಿ ಸೀಮೆ, ಕೃಷ್ಣಾ ತೀರ ಎಲ್ಲ ತಿರುಗಿ ಅಂಥ ನೆಲೆಗಳನ್ನು ಗುರುತಿಸಿದರು. ನಿವೃತ್ತಿಯವರೆಗೂ ಭೂವಿಜ್ಞಾನಿಯಾಗಿಯೇ ಸಂಬಳ ಪಡೆದರು. ಇಂದು ಅವರನ್ನು ಭಾರತದ ಪ್ರಾಗಿತಿಹಾಸದ ಪಿತಾಮಹ ಎನ್ನುತ್ತಾರೆ.

ಈ ಇಬ್ಬರು ಬೇರೆ ಕೆಲಸದಿಂದ ಬಂದವರು. ಇನ್ನು, ಮೊದಲಿನಿಂದಲೇ ಇದನ್ನೇ ವೃತ್ತಿ ಮಾಡಿಕೊಂಡವರೂ ನಮ್ಮ ಜಿಲ್ಲೆಗೆ ಬಂದರು. ಪುಣೆಯ ಡೆಕ್ಕನ್ ಕಾಲೇಜಿನ ಪ್ರೊಫೆಸರ್ ಕೆ. ಪದ್ದಯ್ಯನವರು. 1960ರ ದಶಕದಿಂದ ಸುರಪುರದ ದೋಆಬನ್ನು, ಅಂದರೆ ಕೃಷ್ಣಾ ಭೀಮಾ ನಡುವಿನ ಸೀಮೆಯನ್ನು, ಕಾಲ್ನಡಿಗೆಯಲ್ಲಿ ಶೋಧಿಸಿದರು. ಕೊಡೇಕಲ್, ಬೂದಿಹಾಳಗಳಲ್ಲಿ ದನ ಸಾಕುತ್ತಿದ್ದ ಹೊಸ ಶಿಲಾಯುಗದ ಜನರ ಬೂದಿದಿಬ್ಬಗಳನ್ನು ಅಗೆಸಿದರು. ಹುಣಸಗಿ, ಬೈಚಬಾಳ ಕಣಿವೆಗಳಲ್ಲಿ ಆದಿಮಾನವನ ನೆಲೆಗಳನ್ನು ಒಂದೊಂದಾಗಿ ಗುರುತಿಸಿದರು. ಇಸಾಂಪುರದಲ್ಲಿ ಸಿಕ್ಕ ನೆಲೆ ಸುಮಾರು 12 ಲಕ್ಷ ವರ್ಷ ಹಳೆಯದು ಎಂಬ ಲೆಕ್ಕ ಬಂದಿದೆ. ಅಲ್ಲಿನ ಸುಣ್ಣಕಲ್ಲಿನ ಚಪ್ಪಡಿ ಒಡೆದು ಜನ ಕೈಗೊಡಲಿ ಮಾಡುತ್ತಿದ್ದರು. 12 ಲಕ್ಷ ವರ್ಷದ ಹಿಂದಿನ ಕಾರ್ಖಾನೆ ಎನ್ನಿ. 2012ರಲ್ಲಿ ಪದ್ದಯ್ಯನವರಿಗೆ ಪದ್ಮಶ್ರೀ ಬಂತು.

ಈಗ ನಿಮ್ಮ ಕಡೆ ತಿರುಗುತ್ತೇನೆ. ಟೇಲರ್, ಫುಟ್, ಪದ್ದಯ್ಯ, ಮೂವರೂ ಹೊರಗಿನಿಂದ ಬಂದವರು. ಊರಿನವರಾದ ನಿಮಗೆ ಅವರಿಗಿಲ್ಲದ ಒಂದು ಅನುಕೂಲ ಇದೆ. ನೀವು ಇಲ್ಲೇ ಇದ್ದೀರಿ.

ನೀವು ಗೌಂಡಿ ಕೆಲಸ ಮಾಡಿದವರೇ? ಬಂಡೆಗೆ ಎಲ್ಲಿ ಪೆಟ್ಟು ಕೊಟ್ಟರೆ ಹೇಗೆ ಸೀಳುತ್ತದೆ ಎಂದು ನಿಮಗೆ ಗೊತ್ತು. ರಾಜನಕೋಳೂರಿನ ಚಪ್ಪಡಿ ಹೇಗೆ ಎಬ್ಬಿಸಿದರು, ಹೇಗೆ ಎತ್ತಿದರು ಎಂದು ಪಂಡಿತರಿಗಿಂತ ಚೆನ್ನಾಗಿ ನೀವು ಊಹಿಸಬಲ್ಲಿರಿ. ಭೂಮಾಪಕರೇ? ನಿಮ್ಮ ಅಳತೆ ಇದ್ದರೆ ವಿಭೂತಿಹಳ್ಳಿಯಲ್ಲಿ ನಾಳೆ ಯಾವ ಕಲ್ಲು ಜರುಗಿತು ಎಂದು ಹೇಳಬಹುದು. ಮದುವೆ ಫೋಟೋ ತೆಗೆಯುವವರೇ? ಸವೆದ ಶಾಸನದ ಮೇಲೆ ಬೆಳಕು ಓರೆಯಾಗಿ ಬಿದ್ದಾಗ ಅಕ್ಷರ ಎದ್ದು ಕಾಣುತ್ತದೆ. ಬೆಳಕಿನ ಆ ಆಟ ನಿಮಗೆ ಹೊಸದಲ್ಲ. ಟ್ಯಾಕ್ಸಿ ಓಡಿಸುವವರೇ? ನೋಡಲು ಬಂದವರಿಗೆ ದಾರಿ ತೋರಿಸಿ, ಕಥೆ ಸರಿಯಾಗಿ ಹೇಳುವವರು ನಮ್ಮ ಜಿಲ್ಲೆಗೆ ಬೇಕಾಗಿದ್ದಾರೆ. ಶಹಾಪುರದಲ್ಲಿ ಬುದ್ಧ ಮಲಗಿದಂತೆ ಕಾಣುವ ಬೆಟ್ಟವನ್ನು ನೋಡಿ ವಾಪಸು ಹೋಗುವವರು ಪಕ್ಕದ ವಿಭೂತಿಹಳ್ಳಿಯ ಹೆಸರೇ ಕೇಳಿರುವುದಿಲ್ಲ.

ಇಂದು ಟೇಲರ್ ಕಾಲದಂತಲ್ಲ. ಓದುವ ದಾರಿ ಇದೆ. ಕಲಬುರಗಿಯಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಿದೆ. ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯವಿದೆ. ಕೆಲಸ ಬಿಡಲಾಗದವರಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯವಿದೆ. ರಾಜ್ಯದ ಪುರಾತತ್ವ, ಸಂಗ್ರಹಾಲಯ ಇಲಾಖೆಯಿದೆ. ಆದರೆ ಹುದ್ದೆಗಳು ಕಡಿಮೆ. ಇದನ್ನು ಮೊದಲೇ ತಿಳಿದು ಹೊರಡಬೇಕು. ಹಾಗಾಗಿ ನಾಳೆಯೇ ಕೆಲಸ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಮನೆಯಲ್ಲಿ ಸಾಲ ಇದ್ದವರಿಗಂತೂ ಹೇಳುವುದೇ ಇಲ್ಲ. ವಾರದಲ್ಲಿ ಒಂದು ರಜೆಯ ದಿನ ನಿಮಗಿದೆ. ಅಲ್ಲಿಂದ ಶುರು ಮಾಡಿ.

ಒಂದು ಎಚ್ಚರಿಕೆ. ಗುದ್ದಲಿ ಮುಟ್ಟಬೇಡಿ. ಸಂರಕ್ಷಿತ ಜಾಗದಲ್ಲಿ ಅಪ್ಪಣೆ ಇಲ್ಲದೆ ಅಗೆಯುವುದು ಅಪರಾಧ. ಅಗೆದದ್ದನ್ನು ಮತ್ತೆ ಮೊದಲಿನಂತೆ ಮಾಡಲೂ ಆಗದು. ನಿಧಿ ಇದೆ ಎಂಬ ಆಸೆಗೆ ಬಿದ್ದು ಗೋರಿ ಒಡೆಯುವವರನ್ನು ಕಂಡರೆ ತಹಶೀಲ್ದಾರರಿಗೆ, ಪೊಲೀಸರಿಗೆ ತಿಳಿಸಿ. ನಿಮ್ಮ ಕೈಯಲ್ಲಿ ಇರಬೇಕಾದದ್ದು ಒಂದು ಅಳತೆ ಟೇಪು, ಒಂದು ನೋಟ್‌ಬುಕ್, ಒಂದು ಪೆನ್ಸಿಲ್. ಊರಿನ ಹೆಸರು, ಹೊಲದ ಸರ್ವೇ ನಂಬರು, ಕಲ್ಲಿನ ಉದ್ದ ಅಗಲ, ತಾರೀಖು. ಫೋಟೋ ತೆಗೆದರೆ ಪಕ್ಕದಲ್ಲಿ ಅಳತೆಯ ಕೋಲು ಇಟ್ಟು ತೆಗೆಯಿರಿ.

ಆಮೇಲೆ ಆ ಹೊಲದ ಹಿರಿಯರ ಬಳಿ ಹೋಗಿ ಕೂಡಿರಿ. ಅಜ್ಜಾ, ಈ ಕಲ್ಲಿಗೆ ಏನಂತಾರ, ಯಾರು ಇಟ್ಟದ್ದಂತ ನಿಮ್ಮ ಕಡೆ ಹೇಳ್ತಾರ ಎಂದು ಕೇಳಿ. ಮೋರ್ಯರ ಮನೆ ಎಂಬ ಹೆಸರು ಟೇಲರ್ ಅವರ ಪುಟಗಳಿಗೆ ಹೋದದ್ದು ಹೀಗೆ ಕೇಳಿದ್ದರಿಂದಲೇ. ಪ್ರತಿ ಊರಲ್ಲೂ ಇಂಥ ಹೆಸರುಗಳಿವೆ. ಎಂಬತ್ತು ದಾಟಿದವರ ನಾಲಿಗೆಯ ಮೇಲೆ ಮಾತ್ರ ಇವೆ. ತೊಗರಿ ರಾಶಿ ಮುಗಿದ ಮೇಲೆ ಅವರಿಗೆ ಬಿಡುವಿರುತ್ತದೆ. ಆಗ ಹೋಗಿ ಬರೆದುಕೊಳ್ಳಿ.